ಕಾವಲೂ ಬೆಳಕೂ

ಎತ್ತರದಲ್ಲಿ ನಿಂತವನ ಧರ್ಮವಾವುದು? ಪರರನ್ನು ನೋಡುವುದೋ, ಪರರಿಗೆ ದಾರಿ ತೋರುವುದೋ? ಮಂಗಳೂರಿನ ಎರಡು ನೆಲೆಗಳು ಈ ವಿಚಾರಕ್ಕೆ ತಕ್ಕ ದೃಷ್ಟಾಂತಗಳಾಗಿವೆ.

ಬೋಳೂರಿನಲ್ಲಿ, ಗುರುಪುರ ಹೊಳೆಯ ದಂಡೆಯ ಮೇಲೆ, ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಬತ್ತೇರಿಯಿದೆ. ಕರಿಗಲ್ಲಿನ ಆ ಬುರುಜಿನ ಗೋಡೆಯಲ್ಲಿ ತೋಪಿನ ಕಂಡಿಗಳಿವೆ. ಕೆಳಗೆ ಮದ್ದಿನ ನೆಲಮನೆ. ವೈರಿಯ ಹಡಗು ಹೊಳೆಯನ್ನು ಹೊಗದಂತೆ ಕಾಯುವುದೇ ಅದರ ಉದ್ದೇಶವಾಗಿತ್ತು. ಊರ ನಡುವಣ ಬಾವುಟಗುಡ್ಡದಿಂದಲೂ ಹೈದರ-ಟಿಪ್ಪುಗಳ ಕಾಲದಲ್ಲಿ ಕಡಲ ಮೇಲೆ ಕಣ್ಣಿಡುತ್ತಿದ್ದರೆಂದು ಜನಶ್ರುತಿ. ಮುಂದೆ ಆಂಗ್ಲರ ಆಳಿಕೆಯಲ್ಲಿ ಅದೇ ಎತ್ತರವು ದೀಪಸ್ತಂಭದ ನೆಲೆಯಾಯಿತು.

ಸ್ಥಳವು ಒಂದೇ, ಆದರೆ ಕೆಲಸವು ತಿರುಗಿತು. ಕಾವಲುಗಾರನು ತಾನು ಮರೆಯಲ್ಲಿದ್ದು ಪರರನ್ನು ಕಾಣಬಯಸುವನು; ದೀಪವು ಪರರ ಕಣ್ಣಿಗೆ ಬಿದ್ದಾಗಲೇ ಸಾರ್ಥಕವಾಗುವುದು. ಬಂದವನು ನಮ್ಮವನೋ ಅನ್ಯನೋ ಎಂದು ಮೊದಲನೆಯವನು ವಿಚಾರಿಸಲೇಬೇಕು; ದೀಪಕ್ಕೆ ಆ ವಿಚಾರಣೆಯೇ ಇಲ್ಲ.

ಹಾಗಾದರೆ ಅದು ವೈರಿಗೂ ದಾರಿ ತೋರುವುದಲ್ಲವೆ? ಅಹುದು. 1939-45ರ ಮಹಾಯುದ್ಧದಲ್ಲಿ ಅನೇಕ ತೀರಗಳ ದೀಪಗಳನ್ನು ಆರಿಸಿದರು, ಇಲ್ಲವೆ ಮಂದಗೊಳಿಸಿದರು. ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕಲಾಗದು. ಆದರೆ ಯುದ್ಧವು ಕೆಲವು ವರ್ಷಗಳ ಮಾತು. ಕಡಲೊಳಗಿನ ಬಂಡೆಯು ಎಂದೆಂದಿನದು. ದೀಪವಾರಿದ ಇರುಳಿನಲ್ಲಿ ಆ ಬಂಡೆಯ ಭಯವು ವೈರಿಗೆ ಎಷ್ಟೋ ನಮ್ಮವರಿಗೂ ಅಷ್ಟೇ.

ಕಡಲನ್ನು ಕಾಣದ ಧಾರವಾಡ ಸೀಮೆಗೂ ಇದು ದೂರದ ಸಂಗತಿಯಲ್ಲ. 1861-65ರ ಅಮೇರಿಕೆಯ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ವಿಲಾಯತಿಗೆ ಬರುವುದು ಕುಂಠಿತವಾದಾಗ ಧಾರವಾಡದ ಹತ್ತಿಗೆ ಬೇಡಿಕೆ ಬಂದಿತು. ಅದು ಘಟ್ಟವಿಳಿದು ಕುಮಟೆಯ ಬಂದರದಿಂದ ಮುಂಬಯಿಗೆ ಸಾಗುತ್ತಿತ್ತು. ಆ ಹಾದಿಯಲ್ಲಿ, ಕಾರವಾರದ ಮುಂದಿರುವ ದೇವಗಡ ನಡುಗಡ್ಡೆಯ ಮೇಲೆ, 1864ರಲ್ಲಿ ದೀಪವು ಬೆಳಗಿತು. ಎರೆಹೊಲದಲ್ಲಿ ದುಡಿದ ಒಕ್ಕಲಿಗನಿಗೆ ಆ ದೀಪದ ಹೆಸರೂ ತಿಳಿಯದು. ದೀಪವನ್ನು ಕಾಯುವವನಿಗೆ ಅವನ ಗುರುತಿಲ್ಲ. ಆದರೂ ಒಬ್ಬನ ಎಚ್ಚರವು ಇನ್ನೊಬ್ಬನ ಬೆಳೆಯನ್ನು ದಡಕ್ಕೆ ಮುಟ್ಟಿಸಲು ನೆರವಾಯಿತು. ಗುರುತಿಲ್ಲದವನಿಗೆ ಆಗುವ ಇಂಥ ಉಪಕಾರದ ಮೇಲೆಯೇ ಲೋಕವ್ಯವಹಾರವು ಬಹುಮಟ್ಟಿಗೆ ನಿಂತಿದೆ.

ಇಂದು ಬಾವುಟಗುಡ್ಡದಲ್ಲಿ ದೀಪ ಉರಿಯುವುದಿಲ್ಲ. ಹಡಗುಗಳಿಗೆ ದಾರಿ ತೋರುವ ಭಾರವನ್ನು 1972ರಿಂದ ಸುರತ್ಕಲ್ಲಿನ ದೀಪಸ್ತಂಭವು ಹೊತ್ತಿದೆ. ಬತ್ತೇರಿಯ ಕೆಲಸಕ್ಕೆ ಹೀಗೆ ವಾರಸುದಾರರು ದೊರೆಯಲಿಲ್ಲ. ಅದೀಗ ನೋಡುವವರ ನೋಟವಾಗಿ ಉಳಿದಿದೆ. ಇದರಿಂದ ಕಾವಲು ಬೇಡವೆಂದು ತಿಳಿಯಲಾಗದು. ರಾತ್ರಿ ಕದಕ್ಕೆ ಅಗಳಿಯಿಕ್ಕುವ ಗೃಹಸ್ಥನೇ ಸಂಜೆ ಬಾಗಿಲ ಗೂಡಿನಲ್ಲಿ ಹಣತೆಯನ್ನಿಡುತ್ತಾನೆ. ಅಗಳಿಯು ಅವನ ಮನೆಗಾಗಿ, ಹಣತೆಯು ಬೀದಿಗಾಗಿ. ಎರಡನ್ನೂ ತಪ್ಪದೆ ನಡೆಸಿದಾಗಲೇ ಗೃಹಧರ್ಮವು ಪೂರ್ಣವಾಗುವುದು.