ಎದುರಿಗೂ ಮರೆಯಲ್ಲೂ ಒಂದೇ

*ಇಂದಿನ ಧಮ್ಮ ಚಿಂತನೆ*

 

ದಸರಾ ರಜೆಯಲ್ಲಿ ಒಂದು ದಿನ ಮೈಸೂರಿನ ಅಣ್ಣನ ಮನೆಗೆ ಹೋಗಿದ್ದೆ. ಅಣ್ಣನ ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ವಾರಕ್ಕೆ ಎರಡು ದಿನ ಆಫೀಸು, ಮೂರು ದಿನ ಮನೆಯಿಂದಲೇ ಕೆಲಸ. ಇದಕ್ಕೆ ಹೈಬ್ರಿಡ್ ಪದ್ಧತಿ ಎನ್ನುತ್ತಾರೆ.

ಮಧ್ಯಾಹ್ನ ಊಟಕ್ಕೆ ಕರೆಯೋಣವೆಂದು ಅವಳ ಕೋಣೆಗೆ ಹೋದೆ. ಅವಳಿರಲಿಲ್ಲ, ಬಟ್ಟೆ ತೆಗೆಯಲು ಮಹಡಿಗೆ ಹೋಗಿದ್ದಳು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಅದರ ಮೌಸು ಅಣ್ಣನ ಹಳೆಯ ಎಚ್‌ಎಂಟಿ ಕೈಗಡಿಯಾರದ ಮೇಲೆ ಕೂತಿತ್ತು! ಎತ್ತಿಡಲು ಹೋದೆ. ಅಷ್ಟರಲ್ಲಿ ಬಂದ ಅವಳು, "ಅತ್ತೆ, ತೆಗೀಬೇಡಿ" ಎಂದು ಓಡಿ ಬಂದಳು.

ಗಡಿಯಾರದ ಸೆಕೆಂಡು ಮುಳ್ಳು ತಿರುಗಿದಂತೆ ಪರದೆಯ ಮೇಲಿನ ಬಾಣ ಅಲುಗುತ್ತದಂತೆ. ಅದು ಅಲುಗುತ್ತಿದ್ದರೆ ಕಂಪನಿಯವರಿಗೆ ಅವಳ ಹೆಸರಿನ ಪಕ್ಕ ಹಸಿರು ದೀಪ ಕಾಣುತ್ತದೆ. ಸ್ವಲ್ಪ ಹೊತ್ತು ನಿಂತರೆ ದೀಪ ಹಳದಿಯಾಗುತ್ತದೆ. "ಎಲ್ಲಿದ್ದೀರಿ?" ಎಂದು ಮ್ಯಾನೇಜರರ ಸಂದೇಶ ಬರುತ್ತದೆ.

ನಾನು ಮೇಷ್ಟರಮ್ಮ. ಬೈಗುಳ ಮೊದಲು ಬರುತ್ತದೆ. "ಪ್ರತಿ ಭಾನುವಾರ ವಿಹಾರದಲ್ಲಿ ಪಂಚಶೀಲ ಹೇಳ್ತೀಯಲ್ಲ, ಇದು ಮುಸಾವಾದ ಅಲ್ವಾ?" ಎಂದೆ.

ಅವಳು ಸಿಟ್ಟಾಗಲಿಲ್ಲ. "ಸುಳ್ಳೇ ಅತ್ತೆ. ಆದರೆ ನಿನ್ನೆ ರಾತ್ರಿ ಹನ್ನೊಂದರವರೆಗೆ ಕೂತು ಕೆಲಸ ಮುಗಿಸಿದೆ. ಅದನ್ನ ಯಾರೂ ಎಣಿಸಲ್ಲ. ಊಟಕ್ಕೆ ಎದ್ದಿದ್ದನ್ನ ಮಾತ್ರ ಎಣಿಸ್ತಾರೆ" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ.

ಆ ಗಡಿಯಾರವನ್ನು ನೋಡುತ್ತಾ ಕೂತೆ. ಅದನ್ನು ಕಟ್ಟಿಕೊಂಡು ಅಣ್ಣ ಕಾರ್ಖಾನೆಯಲ್ಲಿ ಮೂರು ಪಾಳಿಯಲ್ಲೂ ದುಡಿದ. ಸೈರನ್ ಕೂಗಿದರೆ ಪಾಳಿ ಮುಗಿಯಿತು, ಮನೆಗೆ ಬಂದವನನ್ನು ಯಾರೂ ಕರೆಯುತ್ತಿರಲಿಲ್ಲ. ಆ ಸೈರನ್ ತಾನಾಗಿ ಬಂದದ್ದಲ್ಲ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿ ದುಡಿದರು. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆಯನ್ನು 54 ಗಂಟೆಯಿಂದ 48 ಗಂಟೆಗೆ ಇಳಿಸಿದ ತಿದ್ದುಪಡಿ 1946ರಲ್ಲಿ ಬಂತು. ಅಪ್ಪನಿಗೆ ಸಿಕ್ಕ ಸೈರನ್ ಮಗಳಿಗೆ ಇಲ್ಲ. ಅವಳ ಮನೆಯೇ ಆಫೀಸು, ಆಫೀಸಿಗೆ ಬಾಗಿಲೇ ಇಲ್ಲ.

ಅಂದು ರಾತ್ರಿ ಮಜ್ಝಿಮ ನಿಕಾಯದ ಚೂಳಗೋಸಿಂಗ ಸುತ್ತ ತೆಗೆದು ಓದಿದೆ. ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಖುಗಳು ಗೋಸಿಂಗದ ಸಾಲವನದಲ್ಲಿ ಇರುತ್ತಾರೆ. ಅವರ ಮೇಲೆ ಮೇಲ್ವಿಚಾರಕರಿಲ್ಲ. ಒಂದು ಸಂಜೆ ಬುದ್ಧರು ತಾವಾಗಿ ಅಲ್ಲಿಗೆ ಬರುತ್ತಾರೆ. ಬಂದವರು ಮೊದಲು ಕೇಳಿದ್ದು: ಕ್ಷೇಮವೇ, ಭಿಕ್ಷೆಗೆ ತೊಂದರೆಯಿಲ್ಲವೇ? ಎರಡನೆಯದು: ಪರಸ್ಪರ ಹೊಂದಿಕೊಂಡಿದ್ದೀರಾ? ಮೂರನೆಯದು: ಎಚ್ಚರದಿಂದ, ಶ್ರದ್ಧೆಯಿಂದ ಸಾಧನೆ ಮಾಡುತ್ತಿದ್ದೀರಾ?

ಗಮನಿಸಿ. ಕೆಲಸದ ಪ್ರಶ್ನೆ ಮೂರನೆಯದು.

ಅನುರುದ್ಧರು ಕೊಡುವ ಉತ್ತರವೂ ಚೆನ್ನಾಗಿದೆ. ಭಿಕ್ಷೆಯಿಂದ ಮೊದಲು ಮರಳಿದವರು ಎಲ್ಲರಿಗೂ ಆಸನ ಹಾಸಿ ನೀರಿಡುತ್ತಾರೆ. ಕೊನೆಗೆ ಬಂದವರು ಎಲ್ಲ ತೊಳೆದು ಗುಡಿಸುತ್ತಾರೆ. ನೀರಿನ ಗಡಿಗೆ ಬರಿದಾದದ್ದು ಯಾರ ಕಣ್ಣಿಗೆ ಬೀಳುತ್ತದೋ ಅವರೇ ತುಂಬುತ್ತಾರೆ. ಒಬ್ಬರಿಂದ ಆಗದಿದ್ದರೆ ಕೈಸನ್ನೆಯಿಂದ ಇನ್ನೊಬ್ಬರನ್ನು ಕರೆಯುತ್ತಾರೆ, ಮೌನ ಮುರಿಯುವುದಿಲ್ಲ. ಐದು ದಿನಕ್ಕೊಮ್ಮೆ ಮಾತ್ರ ರಾತ್ರಿಯಿಡೀ ಒಟ್ಟಿಗೆ ಕೂತು ಧಮ್ಮದ ಬಗ್ಗೆ ಮಾತಾಡುತ್ತಾರೆ. ಮತ್ತೊಂದು ಮಾತು: ಒಬ್ಬರ ಮೇಲೊಬ್ಬರಿಗೆ ಮೈತ್ರಿ, ಎದುರಿಗಿದ್ದಾಗಲೂ ಮರೆಯಲ್ಲಿದ್ದಾಗಲೂ ಒಂದೇ ಸಮ.

ದೂರವಿದ್ದು ಒಟ್ಟಿಗೆ ದುಡಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ತಾನೇ ಮಾಡಬಹುದಾದ್ದನ್ನು ಒಬ್ಬರೇ ಮೌನವಾಗಿ ಮಾಡುವುದು. ಕೂಡಿದರೆ ಮಾತ್ರ ಆಗುವುದಕ್ಕೆ ದಿನ ಗೊತ್ತು ಮಾಡಿ ಕೂಡುವುದು. ಕಂಪನಿಗಳು ಇದನ್ನೇ ತಿರುವುಮುರುವು ಮಾಡುತ್ತವೆ. ನಮ್ಮ ಹುಡುಗಿ ಮಂಗಳವಾರ ನಸುಕಿನ ರೈಲು ಹಿಡಿದು, ಬೆಂಗಳೂರಿನ ಟ್ರಾಫಿಕ್ ದಾಟಿ ಆಫೀಸಿಗೆ ಹೋಗಿ, ಅಲ್ಲೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅದೇ ವಿಡಿಯೋ ಕಾಲ್‌ನಲ್ಲಿ ಕೂರುತ್ತಾಳೆ. ಅಷ್ಟಕ್ಕೆ ಅಷ್ಟು ದೂರ ಹೋಗಬೇಕೆ?

ಹಾಗೆಂದು ಆಫೀಸೇ ಬೇಡ ಎನ್ನಲಾರೆ. ಊಟದ ಡಬ್ಬಿ ಬಿಚ್ಚಿದಾಗ "ಪೂರ್ತಿ ಹೆಸರೇನು, ನಿಮ್ಮ ಕಡೆ ಏನು ಅಡುಗೆ" ಎಂದು ಸುತ್ತಿ ಬಳಸಿ ಜಾತಿ ಕೇಳುವವರು ಇನ್ನೂ ಇದ್ದಾರೆ. ಮನೆಯಲ್ಲಿ ಆ ಕಾಟವಿಲ್ಲ, ನಿಜ. ಆದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಇಂಥ ಕೆಲಸಕ್ಕೆ ಹೋದ ಮೊದಲ ತಲೆಮಾರು. ದಾರಿ ಹೇಳಲು ಮನೆಯಲ್ಲಿ ಮಾವನೋ ದೊಡ್ಡಪ್ಪನೋ ಆ ಕೆಲಸದಲ್ಲಿಲ್ಲ. ಹಿರಿಯರ ಪಕ್ಕ ಕೂತು ನೋಡಿ ಕಲಿಯಬೇಕಾದ್ದು ಬಹಳವಿದೆ. ಕಣ್ಣೆದುರು ಇದ್ದವರಿಗೇ ಬಡ್ತಿ ಎನ್ನುವ ಕಡೆ ಮರೆಯಲ್ಲಿದ್ದವರು ಹಿಂದೆ ಬೀಳುತ್ತಾರೆ. ಹಾಗಾಗಿ ಆಫೀಸಿನ ಎರಡು ದಿನ ಕಲಿಯಲು, ಕಲಿಸಲು, ಭಿನ್ನಾಭಿಪ್ರಾಯ ಬಗೆಹರಿಸಲು ಮೀಸಲಾಗಬೇಕು.

ಇದರಿಂದ ಕಂಪನಿಗೆ ನಷ್ಟವೇ? ಚೀನಾದ ಟ್ರಿಪ್ ಡಾಟ್ ಕಾಮ್ ಸಂಸ್ಥೆಯ 1,612 ನೌಕರರ ಮೇಲೆ ನಡೆಸಿದ ಪ್ರಯೋಗದ ವರದಿ 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರ ಕೆಲಸದ ಮೌಲ್ಯಮಾಪನದಲ್ಲಿ, ಬಡ್ತಿಯಲ್ಲಿ ಕುಂದು ಕಾಣಲಿಲ್ಲ. ಕೆಲಸ ಬಿಟ್ಟು ಹೋಗುವವರ ಪ್ರಮಾಣ ಮೂರನೇ ಒಂದರಷ್ಟು ತಗ್ಗಿತು. ಪ್ರಯೋಗಕ್ಕೆ ಮುಂಚೆ ಅನುಮಾನಪಟ್ಟಿದ್ದ ಮ್ಯಾನೇಜರರೂ ಕೊನೆಗೆ ಅಭಿಪ್ರಾಯ ಬದಲಿಸಿಕೊಂಡರು.

ಮ್ಯಾನೇಜರರನ್ನು ದೂರಿ ಸುಮ್ಮನಾಗಲು ನನಗೆ ಹಕ್ಕಿಲ್ಲ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಫೋನಿನಲ್ಲಿ ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗ ಒಂದು ದಿನವೂ ಕಾಣಲಿಲ್ಲ. ಸೋಮಾರಿ ಎಂದು ಬರೆದುಕೊಂಡೆ. ಮುಂದೆ ವಿದ್ಯಾಗಮಕ್ಕೆಂದು ಅವನ ಬೀದಿಗೆ ಹೋದಾಗ ಗೊತ್ತಾಯಿತು. ಮನೆಯಲ್ಲಿ ಇರುವುದು ಒಂದೇ ಫೋನು, ಅದು ಬೆಳಿಗ್ಗೆಯೇ ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗುತ್ತದೆ. ಹುಡುಗ ಗೆಳೆಯನ ಪುಸ್ತಕ ನೋಡಿ ಎಲ್ಲ ಪಾಠವನ್ನೂ ಬರೆದಿಟ್ಟಿದ್ದ. ನಾನೂ ಹಸಿರು ದೀಪ ನೋಡಿದವಳೇ. ಅವನ ಪುಸ್ತಕ ನೋಡಿರಲಿಲ್ಲ.

ಸಿಗಾಲನಿಗೆ ಬುದ್ಧರು ಹೇಳಿದ ಯಜಮಾನ ಮತ್ತು ಕೆಲಸಗಾರರ ಧಮ್ಮವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಗೃಹಸ್ಥರ ವಿನಯವಾಗಿ ಸೇರಿಸಿದ್ದಾರೆ. ಯಜಮಾನ ಶಕ್ತಿಗೆ ತಕ್ಕ ಕೆಲಸ ಕೊಡಬೇಕು, ಊಟ ಮತ್ತು ಕೂಲಿ ಕೊಡಬೇಕು, ಕಾಯಿಲೆಯಲ್ಲಿ ನೋಡಿಕೊಳ್ಳಬೇಕು, ವಿಶೇಷವಾದದ್ದನ್ನು ಹಂಚಿಕೊಳ್ಳಬೇಕು, ಕಾಲಕಾಲಕ್ಕೆ ಬಿಡುವು ಕೊಡಬೇಕು. ಕೆಲಸಗಾರ ಕೊಟ್ಟದ್ದನ್ನಷ್ಟೇ ತೆಗೆದುಕೊಳ್ಳಬೇಕು, ಕೆಲಸವನ್ನು ಚೆನ್ನಾಗಿ ಮಾಡಬೇಕು. ಎರಡೂ ಕಡೆಗೆ ಕರ್ತವ್ಯವಿದೆ. ಒಂದು ಕಡೆ ಅನುಮಾನ, ಇನ್ನೊಂದು ಕಡೆ ಗಡಿಯಾರದ ಉಪಾಯ ಎಂದಾದರೆ ಎರಡೂ ಮನಸ್ಸು ಕೆಡುತ್ತದೆ.

ಮರುದಿನ ಇಬ್ಬರೂ ಕೂತು ಮ್ಯಾನೇಜರರಿಗೆ ಒಂದು ಪತ್ರ ಬರೆದೆವು. ಈ ವಾರ ಇಂತಿಂಥ ಕೆಲಸ ಮುಗಿಸುತ್ತೇನೆ. ಮಧ್ಯಾಹ್ನ ಒಂದರಿಂದ ಎರಡು ಊಟಕ್ಕೆ ಹೋಗಿರುತ್ತೇನೆ. ರಾತ್ರಿ ಏಳರ ಮೇಲೆ ತುರ್ತಿದ್ದರೆ ಮಾತ್ರ ಕರೆಯಿರಿ. ಆಫೀಸಿಗೆ ಬಂದ ದಿನ ಒಂದು ಗಂಟೆ ಹಿರಿಯರ ಪಕ್ಕ ಕೂತು ಕಲಿಯಲು ಬಿಡಿ. ಅವರು ಊಟದ ಹೊತ್ತಿಗೂ ಕಲಿಯುವ ಗಂಟೆಗೂ ಒಪ್ಪಿದ್ದಾರೆ. ರಾತ್ರಿಯ ಮಾತಿಗೆ ಇನ್ನೂ ಉತ್ತರ ಬಂದಿಲ್ಲ. ಹಸಿರು ದೀಪವೂ ಹಾಗೇ ಇದೆ. ಮತ್ತೆ ಕೇಳುತ್ತಾಳಂತೆ. ಗಡಿಯಾರ ಮಾತ್ರ ಅಣ್ಣನ ಕೈಗೆ ಮರಳಿದೆ.

*ಇಂದಿನ ಸಂಕಲ್ಪ*
1. ಯಾರೂ ನೋಡದಿದ್ದರೂ ನನ್ನ ಕೆಲಸ ಚೆನ್ನಾಗಿ ಮಾಡುತ್ತೇನೆ.
2. ನನ್ನ ಕೈಕೆಳಗಿನವರನ್ನು ಮೊದಲು "ಕ್ಷೇಮವೇ" ಎಂದು ಕೇಳುತ್ತೇನೆ, ಲೆಕ್ಕ ಆಮೇಲೆ.
3. ಬರಿದಾದ ಗಡಿಗೆ ಕಂಡರೆ ನಾನೇ ತುಂಬುತ್ತೇನೆ. ಆಗದಿದ್ದರೆ ನಾಚದೆ ಇನ್ನೊಬ್ಬರನ್ನು ಕರೆಯುತ್ತೇನೆ.

ಭವತು ಸಬ್ಬ ಮಂಗಲಂ 🙏