ಕಂದು ಮತ್ತು ಕಾಳು

ಶಹಾಬಜಾರದ ಮನೆಗಳಲ್ಲಿ ಕಮಲಾಪುರದ ಕೆಂಪು ಬಾಳೆಯನ್ನು ಸುಲಿದು ತಿನ್ನುವವರಾರೂ ಬೀಜವನ್ನು ಉಗುಳುವುದಿಲ್ಲ. ತಾಯಿಯ ಬುಡದಲ್ಲೆದ್ದ ಕಂದೇ ಅದರ ಸಂತಾನ. ಅಲ್ಲಿ ತಂದೆಯಿಲ್ಲ, ಮಗಳೆಂದರೆ ಮರಳಿ ಹುಟ್ಟಿದ ತಾಯಿಯೇ. ಮಗನು ತನ್ನಂತಾಗಲಿಲ್ಲವೆಂದು ಮುನಿಯುವ ತಂದೆಗೆ ಈ ಬಾಳೆಯ ಮನೆತನವು ಬಹು ಹಿತವಾಗಿ ಕಂಡೀತು. ರುಚಿಯೂ ಪೀಳಿಗೆಯಿಂದ ಪೀಳಿಗೆಗೆ ಕೆಡದೆ ಬರುವುದು ನಿಜವೇ. ಆದರೆ ತಾಯಿ ತಾಳಲಾರದ ರೋಗವನ್ನು ಮಗಳೂ ತಾಳಲಾರಳು. ಮಧ್ಯ ಅಮೆರಿಕದ ತೋಟಗಳಲ್ಲಿ ಗ್ರೋಸ್ ಮಿಷೆಲ್ ಎಂಬ ಬಾಳೆಯು ಸೊರಗುರೋಗಕ್ಕೆ ಸಿಕ್ಕಿ, 1960ರ ದಶಕದಲ್ಲಿ ಪರದೇಶದ ಪೇಟೆಗಳನ್ನೇ ಬಿಟ್ಟಿತು. ಆ ಶಿಲೀಂಧ್ರದ ಬಳಗದ್ದೇ ಇನ್ನೊಂದು ಕಲಬುರಗಿಯ ತೊಗರಿಯನ್ನೂ ಒಣಗಿಸುತ್ತದೆ. ಒಕ್ಕಲಿಗರು ಅದನ್ನು ನೆಟೆರೋಗವೆನ್ನುವರು. ತೊಗರಿಯಾದರೋ ಹೂವಿನಲ್ಲಿ ಗಂಡುಹೆಣ್ಣು ಕೂಡಿ ಕಾಳಾಗುವ ಬೆಳೆ. ಜೇನುನೊಣವು ನೆರೆಯ ಗಿಡದ ಪರಾಗವನ್ನೂ ಹೊತ್ತು ತರುವುದರಿಂದ ಕಾಳಿಗೂ ಕಾಳಿಗೂ ಭೇದವುಂಟು. ನೆರೆಯವು ಒಣಗಿದಾಗಲೂ ಹಸುರಾಗಿ ನಿಂತ ಗಿಡಗಳನ್ನು ಆರಿಸಿದ್ದರಿಂದಲೇ ಮಾರುತಿಯೆಂಬ ತಳಿ ದೊರೆಯಿತು.