ಹಿಡಿ ಅಕ್ಕಿಯ ಲೆಕ್ಕ

ಮಿಜೋರಾಮಿನ ಪ್ರೆಸ್ಬಿಟೇರಿಯನ್ ಕ್ರೈಸ್ತರ ಮನೆಗಳಲ್ಲಿ ಒಂದು ಹಳೆಯ ಪದ್ಧತಿಯಿದೆ. ಅಡುಗೆಗೆ ಅಕ್ಕಿ ಅಳೆದಾಗಲೆಲ್ಲ ಮನೆಯಾಕೆ ಅದರಿಂದ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುತ್ತಾಳೆ. ಅದು ಚರ್ಚಿನ ಪಾಲು. ಚರ್ಚಿನ ಮಹಿಳೆಯರು ಮನೆಮನೆಗೆ ಹೋಗಿ ಅದನ್ನು ಸಂಗ್ರಹಿಸುತ್ತಾರೆ. ಮಾರಿ ಬಂದ ಹಣ ಚರ್ಚಿನ ಕೆಲಸಗಳಿಗೆ ಸಲ್ಲುತ್ತದೆ. ಮಿಜೋ ಭಾಷೆಯಲ್ಲಿ ಇದರ ಹೆಸರು ‘ಬುಹ್‌ಫಾಯ್ ಥಾಮ್’, ಅಂದರೆ ಹಿಡಿ ಅಕ್ಕಿ. ಬೆಟ್ಟದ ಓರೆಯಲ್ಲಿ ಕಾಡು ಕಡಿದು ಬೇಸಾಯ ಮಾಡುತ್ತಿದ್ದ, ಕೈಯಲ್ಲಿ ನಗದು ಅಷ್ಟಾಗಿ ಓಡಾಡದ ಜನರು ಒಂದು ಶತಮಾನಕ್ಕೂ ಹಿಂದೆ ಕಂಡುಕೊಂಡ ದಾರಿಯಿದು.

ಈ ಪದ್ಧತಿಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆ ಹಿಡಿ ಅಕ್ಕಿ ಕಣಜದಲ್ಲಿ ಮಿಕ್ಕಿದ್ದಲ್ಲ; ಇಂದಿನ ಊಟಕ್ಕೆಂದು ಅಳೆದದ್ದು. ಮನೆಮಂದಿಯ ತಟ್ಟೆಯಲ್ಲಿ ಅಷ್ಟು ಅನ್ನ ಕಡಿಮೆಯಾಗುತ್ತದೆ. ಮಿಕ್ಕಿದ್ದನ್ನು ಕೊಡುವುದಕ್ಕೂ ಬೇಕಾದದ್ದನ್ನು ಕೊಡುವುದಕ್ಕೂ ಇರುವ ವ್ಯತ್ಯಾಸ ಇದೇ. ಮೊದಲನೆಯದು ದಾನ, ಎರಡನೆಯದು ತ್ಯಾಗ.

ಬೈಬಲಿನಲ್ಲಿ ಈ ವ್ಯತ್ಯಾಸ ಮತ್ತೆ ಮತ್ತೆ ಬರುತ್ತದೆ. ಮುಸ್ಲಿಮರು ಪ್ರವಾದಿ ದಾವೂದ್(ಅ) ಎಂದು ಗೌರವಿಸುವ ದಾವೀದರು ಬಲಿಪೀಠ ಕಟ್ಟಲು ಒಬ್ಬ ರೈತನ ಕಣಕ್ಕೆ ಹೋಗುತ್ತಾರೆ. ಆತ ಜಾಗ, ಎತ್ತು, ಸೌದೆ ಎಲ್ಲವನ್ನೂ ಉಚಿತವಾಗಿ ಕೊಡಲು ಮುಂದಾದಾಗ ಅವರು ಒಪ್ಪುವುದಿಲ್ಲ. ತನಗೆ ಯಾವ ಖರ್ಚೂ ತಾರದ ಕಾಣಿಕೆಯನ್ನು ದೇವರಿಗೆ ಅರ್ಪಿಸಲಾರೆ ಎಂದು ಬೆಲೆ ಕೊಟ್ಟೇ ಕೊಳ್ಳುತ್ತಾರೆ. ಇನ್ನು ಮಾರ್ಕನ ಸುವಾರ್ತೆಯ ಬಡ ವಿಧವೆಯ ಪ್ರಸಂಗ ಎಲ್ಲರಿಗೂ ಗೊತ್ತಿರುವಂಥದ್ದು. ಜೆರುಸಲೇಮಿನ ದೇವಾಲಯದಲ್ಲಿ ಶ್ರೀಮಂತರು ದೊಡ್ಡ ಮೊತ್ತಗಳನ್ನು ಹಾಕುತ್ತಿದ್ದಾಗ ಆಕೆ ಎರಡು ಕಾಸು ಹಾಕಿದಳು. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಅವಳೇ ಎಂದು ಯೇಸು ತಮ್ಮ ಶಿಷ್ಯರಿಗೆ ಹೇಳಿದರು. ಅವರು ಎಣಿಸಿದ್ದು ಕೊಟ್ಟದ್ದನ್ನಲ್ಲ, ಕೊಟ್ಟ ಮೇಲೆ ಉಳಿದದ್ದನ್ನು. ಇರುವ ಎರಡು ದಿರ್ಹಮಿನಲ್ಲಿ ಒಂದನ್ನು ಕೊಟ್ಟವನ ದಾನವು ಲಕ್ಷ ದಿರ್ಹಮ್ ಕೊಟ್ಟ ಶ್ರೀಮಂತನ ದಾನವನ್ನು ಮೀರಿತೆಂಬ ಹದೀಸ್ ಬಲ್ಲವರಿಗೆ ಈ ಲೆಕ್ಕ ಹೊಸದೇನಲ್ಲ.

ಆದರೆ ತ್ಯಾಗ ಕ್ರೈಸ್ತ ಬದುಕಿನ ಆರ್ಥಿಕ ನೀತಿಯ ಅರ್ಧ ಮಾತ್ರ. ಉಳಿದರ್ಧವನ್ನು ಹೇಳಲು ಕನ್ನಡ ಬೈಬಲು ‘ಮನೆವಾರ್ತೆಯವನು’ ಎಂಬ ಚಂದದ ಪದವನ್ನು ಬಳಸುತ್ತದೆ. ಧಣಿಯ ಮನೆ, ಹೊಲ, ಹಣಗಳನ್ನು ನೋಡಿಕೊಳ್ಳುವವನು ಅವನು. ಬೀಗದ ಕೈ ಅವನ ಸೊಂಟದಲ್ಲಿದ್ದರೂ ಮನೆ ಅವನದಲ್ಲ. ಮನುಷ್ಯನ ಸಂಪತ್ತೂ ಹಾಗೆಯೇ. ಇಸ್ಲಾಮಿನಲ್ಲಿ ಇದನ್ನೇ ಅಮಾನತು ಎನ್ನುತ್ತೇವೆ. ಹೀಗೆ ನೋಡಿದರೆ ಹತ್ತರಲ್ಲಿ ಒಂದು ಪಾಲು ದೇವರದು, ಒಂಬತ್ತು ತನ್ನದು ಎಂದು ದಶಮಾಂಶ ಕೊಟ್ಟು ನಿರಾಳವಾಗುವಂತಿಲ್ಲ. ಹತ್ತಕ್ಕೂ ಲೆಕ್ಕ ಕೊಡಬೇಕು. 18ನೇ ಶತಮಾನದ ಇಂಗ್ಲೆಂಡಿನ ಮೆಥೊಡಿಸ್ಟ್ ಗುರು ಜಾನ್ ವೆಸ್ಲಿ ಆಕ್ಸ್‌ಫರ್ಡಿನ ಒಬ್ಬ ಯುವಕನ ಕತೆ ಹೇಳುತ್ತಿದ್ದರು. ವರ್ಷಕ್ಕೆ 30 ಪೌಂಡ್ ಸಂಪಾದನೆಯಿದ್ದಾಗ ಅವನು 28ರಲ್ಲಿ ಬದುಕಿ 2 ಪೌಂಡ್ ಕೊಟ್ಟ. ಸಂಪಾದನೆ 60ಕ್ಕೆ ಏರಿದಾಗಲೂ 28ರಲ್ಲೇ ಬದುಕಿ 32 ಕೊಟ್ಟ. ಆ ಯುವಕ ಸ್ವತಃ ವೆಸ್ಲಿಯೇ ಎಂದು ಹಲವರ ನಂಬಿಕೆ.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಕೊಡುವವರಿಗೆ ಇಷ್ಟು ಉನ್ನತ ಆದರ್ಶವಿದ್ದರೆ, ಪಡೆಯುವವರಿಗೆ ಏನಿದೆ?

ವಿಧವೆಯ ಪ್ರಸಂಗವನ್ನು ಇನ್ನೊಮ್ಮೆ, ಅದರ ಹಿಂದುಮುಂದಿನ ಸಾಲುಗಳೊಂದಿಗೆ ಓದಿ ನೋಡಿ. ಅದಕ್ಕೆ ತುಸು ಮೊದಲೇ ಯೇಸು ಉದ್ದುದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆಗಳನ್ನು ನುಂಗುವ ಧರ್ಮಶಾಸ್ತ್ರಿಗಳನ್ನು ಖಂಡಿಸಿದ್ದರು. ಪ್ರಸಂಗ ಮುಗಿದ ಕೂಡಲೇ, ಆ ಭವ್ಯ ದೇವಾಲಯ ಕಲ್ಲಿನ ಮೇಲೆ ಕಲ್ಲು ನಿಲ್ಲದಂತೆ ಕುಸಿಯುವುದೆಂದು ನುಡಿಯುತ್ತಾರೆ. ಕ್ರಿ.ಶ. 70ರಲ್ಲಿ ರೋಮನರ ಕೈಯಲ್ಲಿ ಅದು ನಾಶವೂ ಆಯಿತು. ಹಾಗಾದರೆ ಅವರು ವಿಧವೆಯನ್ನು ಹೊಗಳುತ್ತಿದ್ದರೇ, ಅವಳ ಕೊನೆಯ ಕಾಸನ್ನೂ ಬರಮಾಡಿಕೊಂಡ ವ್ಯವಸ್ಥೆಗಾಗಿ ಮರುಗುತ್ತಿದ್ದರೇ? ಎರಡೂ ನಿಜವಿರಬೇಕೆಂದು ನನಗನಿಸುತ್ತದೆ. ಅವಳ ಅರ್ಪಣೆ ಪವಿತ್ರವಾದುದು. ಆದ್ದರಿಂದಲೇ ಅದನ್ನು ಪಡೆದವರ ಹೊಣೆ ಭಯಂಕರವಾದುದು.

ಇದೇ ಸುವಾರ್ತೆಯಲ್ಲಿ ‘ಕೊರ್ಬಾನ್’ ಎಂಬ ಮಾತು ಬರುತ್ತದೆ. ನಮಗೆ ಪರಿಚಿತವಾದ ಕುರ್ಬಾನ್‌ನ ಬೇರೇ ಅದರ ಬೇರು. ತನ್ನ ಸೊತ್ತು ದೇವರಿಗೆ ಮೀಸಲು ಎಂದು ಘೋಷಿಸಿ ಮುಪ್ಪಿನ ತಂದೆತಾಯಿಗೆ ಕೊಡದೆ ತಪ್ಪಿಸಿಕೊಳ್ಳುವವರನ್ನೂ ಅದಕ್ಕೆ ಸಮ್ಮತಿಸುವ ಪಂಡಿತರನ್ನೂ ಯೇಸು ತರಾಟೆಗೆ ತೆಗೆದುಕೊಂಡರು. ಪ್ರವಾದಿ ಮುಹಮ್ಮದ್(ಸ) ಕೂಡ ಕಾಯಿಲೆ ಬಿದ್ದಿದ್ದ ಸಅದ್ ಬಿನ್ ಅಬೀ ವಕ್ಕಾಸ್(ರ) ತಮ್ಮ ಸಂಪತ್ತಿನ ಬಹುಪಾಲನ್ನು ಧರ್ಮಕ್ಕೆ ಕೊಡಲು ಬಯಸಿದಾಗ ಮೂರನೇ ಒಂದು ಪಾಲಿಗೆ ಮಿತಿ ಹಾಕಿದರು. ಅದೂ ಹೆಚ್ಚೇ ಎಂದರು. ಮನೆಯವರು ಇನ್ನೊಬ್ಬರ ಮುಂದೆ ಕೈಯೊಡ್ಡುವಂತಾಗಬಾರದು ಎಂಬುದು ಅವರ ಕಾಳಜಿ. ಕೊಡುವವನ ಉತ್ಸಾಹಕ್ಕೆ ಪಡೆಯುವ ಕಡೆಯವರೇ ಲಗಾಮು ಹಾಕಬೇಕಾದ ಸಂದರ್ಭಗಳಿವೆ ಎಂದಾಯಿತು. ಇಂದು ಮಾತ್ರ, ಕೊಟ್ಟಷ್ಟೂ ದೇವರು ಇಮ್ಮಡಿಯಾಗಿ ಹಿಂತಿರುಗಿಸುತ್ತಾನೆಂದು ಸಾಲಗಾರ ಕೂಲಿಯವನ ಜೇಬಿಗೂ ಕೈಹಾಕುವ ಬೋಧಕರಿದ್ದಾರೆ. ಅಲ್ಲಿ ತ್ಯಾಗ ಮಾಡುವವನು ಬಡವ, ಮನೆವಾರ್ತೆ ಬೋಧಕನದು, ಲೆಕ್ಕ ಯಾರದೂ ಅಲ್ಲ.

ಸಂತ ಪೌಲ ಇದನ್ನು ಚೆನ್ನಾಗಿ ಬಲ್ಲವನಾಗಿದ್ದ. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಅವನು ಚಂದಾ ಎತ್ತಿದ ವಿವರ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿದೆ. ಕಡುಬಡತನದಲ್ಲೂ ಶಕ್ತಿಮೀರಿ ಕೊಟ್ಟ ಮಕೆದೋನ್ಯದವರನ್ನು ಅವನು ಕೊಂಡಾಡುತ್ತಾನೆ. ಆದರೆ ಇತರರ ಕಷ್ಟ ನೀಗಿಸಲು ನೀವು ಕಷ್ಟಕ್ಕೆ ಬೀಳಬೇಕಾಗಿಲ್ಲ, ಸಮಾನತೆಯೇ ಗುರಿ ಎಂದೂ ಸ್ಪಷ್ಟಪಡಿಸುತ್ತಾನೆ. ಮೇಲಾಗಿ, ಹಣವನ್ನು ತಾನೊಬ್ಬನೇ ಒಯ್ಯುವುದಿಲ್ಲ. ಸಭೆಗಳು ಆರಿಸಿದ ವ್ಯಕ್ತಿಯನ್ನು ಜೊತೆಗೆ ಸೇರಿಸಿಕೊಳ್ಳುತ್ತಾನೆ. ದೇವರ ದೃಷ್ಟಿಯಲ್ಲಿ ಪ್ರಾಮಾಣಿಕನಾದರೆ ಸಾಲದು, ಮನುಷ್ಯರ ದೃಷ್ಟಿಯಲ್ಲೂ ಹಾಗಿರಬೇಕೆಂಬುದು ಅವನ ನಿಲುವು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದ ಮೇಲೆ ಲೆಕ್ಕಪತ್ರದ ಮಾತೇಕೆ ಎಂದು ಕೇಳುವವರಿದ್ದಾರೆ. ಆ ಗೌಪ್ಯ ವಿಧಿಸಿರುವುದು ಕೊಡುವ ಕೈಗೆ, ಪಡೆಯುವ ಕೈಗಲ್ಲ. ದುರದೃಷ್ಟವಶಾತ್ ನಮ್ಮಲ್ಲಿ ಇದು ತಲೆಕೆಳಗಾಗಿದೆ. ದಾನಿಯ ಹೆಸರು ಅಮೃತಶಿಲೆಯ ಮೇಲಿರುತ್ತದೆ, ಖರ್ಚಿನ ವಿವರ ಕಪಾಟಿನ ಒಳಗಿರುತ್ತದೆ. ಇದು ಚರ್ಚುಗಳಿಗೆ ಮಾತ್ರ ಹೇಳಬೇಕಾದ ಮಾತಲ್ಲ. ಮಸೀದಿ, ಮದ್ರಸ, ದೇವಸ್ಥಾನಗಳ ಸಮಿತಿಗಳೂ ಈ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬಹುದು.

ಲೆಕ್ಕವೆಂದರೆ ಕೇವಲ ಜಮಾ-ಖರ್ಚೂ ಅಲ್ಲ, ಏನು ಫಲ ಬಂತು ಎಂಬುದೂ ಹೌದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿಗಾಗಿ 1850ರ ದಶಕದಿಂದ ಯುರೋಪಿನ ಸಾಮಾನ್ಯ ಜನರಲ್ಲಿ ವಾರಕ್ಕೊಂದು ಪುಡಿಗಾಸು ಸಂಗ್ರಹಿಸುವ ಯೋಜನೆ ನಡೆಯಿತು. ಅರ್ಧ ಬಾಟ್ಸೆನ್ ಎಂಬ ಸಣ್ಣ ನಾಣ್ಯವದು. ಆ ಮಿಶನ್ನಿನಿಂದ 1853ರಲ್ಲಿ ಬಂದ ಕಿಟೆಲ್ 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟರು. ವಾರವಾರ ಕಾಸು ಕೊಟ್ಟ ಬಡಪಾಯಿಗಳು ಕನ್ನಡದ ಒಂದಕ್ಷರವನ್ನೂ ಕಂಡಿರಲಿಕ್ಕಿಲ್ಲ. ಅವರ ಕಾಸನ್ನು ಕೈಯಲ್ಲಿ ಹಿಡಿದವರು ಅದಕ್ಕೆ ತಕ್ಕಂತೆ ದುಡಿದಿದ್ದರಿಂದ ಅದರ ಫಲ ನಮ್ಮ ಮನೆಯ ಕಪಾಟಿನವರೆಗೂ ಬಂತು.

ಮಿಜೋ ಮಹಿಳೆ ಹಿಡಿ ಅಕ್ಕಿಯನ್ನು ಪಾತ್ರೆಗೆ ಹಾಕಿದಾಗ ಅವಳ ಕರ್ತವ್ಯ ಮುಗಿಯುತ್ತದೆ. ಆ ಪಾತ್ರೆಯನ್ನು ಎತ್ತಿಕೊಂಡು ಹೋಗುವವರ ಕರ್ತವ್ಯ ಅಲ್ಲಿಂದ ಶುರುವಾಗುತ್ತದೆ. ಖರ್ಚು ಮಾಡುವ ಪ್ರತಿಯೊಂದು ರೂಪಾಯಿಯ ಹಿಂದೆ ಯಾರದೋ ತಟ್ಟೆಯಲ್ಲಿ ಕಡಿಮೆಯಾದ ಅನ್ನವಿದೆ ಎಂಬುದು ಅವರಿಗೆ ನೆನಪಿದ್ದರೆ ಸಾಕು. ಬಹಳಷ್ಟು ಅನಗತ್ಯ ಕಮಾನುಗಳು, ಮಿನಾರಗಳು, ಗೋಪುರಗಳು ತಾವಾಗಿಯೇ ಗಿಡ್ಡವಾದಾವು.